ಲೇಜರ್ ಅಕ್ಕಾರು

ಅಕ್ಕಾರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಓಡುವ ಬಸ್ಸಿನಲ್ಲಿ. ಯಲಬುರ್ಗಾ ಬಿಟ್ಟು ಕುಷ್ಟಗಿಯ ದಾರಿ ಹಿಡಿದಿದ್ದೆವು. ನಡುವಿನ ಸೀಟಿನ ಮುದುಕಿಯೊಬ್ಬಳು ಮೊಬೈಲನ್ನು ಕಿವಿಯಿಂದ ಇಳಿಸಿ, ಯಾರಿಗೆ ಎಂದಿಲ್ಲದೆ, "ಲೇಜರ್ ಅಕ್ಕಾರು ಹೋದ್ರಂತ" ಅಂದಳು. ನಾನು ಆ ಬಸ್ಸಿನ ಕಂಡಕ್ಟರ್. ಟಿಕೆಟ್ ಮಷಿನ್ ಹಿಡಿದುಕೊಂಡು ಹಿಂದಿನ ಬಾಗಿಲ ಹತ್ತಿರ ನಿಂತಿದ್ದೆ. ಸುದ್ದಿ ಸೀಟಿನಿಂದ ಸೀಟಿಗೆ ದಾಟಿದಂತೆ ಒಬ್ಬೊಬ್ಬರ ಕೈ ಅವರವರ ಮೈಯ ಒಂದೊಂದು ಕಡೆಗೆ ಹೋಯಿತು. ಮುದುಕಿಯದು ಮೊಣಕಾಲಿಗೆ, ಕಿಟಕಿ ಪಕ್ಕದ ಹಮಾಲನದು ಸೊಂಟಕ್ಕೆ, ಅವನ ಹಿಂದೆ ಕುಳಿತ ದರ್ಜಿಯದು ಕತ್ತಿನ ಹಿಂಬದಿಗೆ. ಅಕ್ಕಾರು ಒಂದು ಕಾಲಕ್ಕೆ ಎಲ್ಲಿ ಬೆಳಕು ಹಿಡಿದಿದ್ದರೋ ಅಲ್ಲಿ ಅವರೆಲ್ಲ ಮುಟ್ಟಿಕೊಂಡರು.

ಆಮೇಲೆ ಒಬ್ಬ ಹೇಳಿದ: "ಹೆಣ್ಮಗಳು ಛಲೋ ಇದ್ಲು. ಆದ್ರ ಆ ಗಿಣಿಗೇರಾ ಹುಡುಗನ ಜೀವಾ ಅಕಿ ಕೈಯಾಗ ಹೋತು ನೋಡ್ರಿ. ಕಣ್ಣ ಕೆಟ್ಟೈತಿ ಅಂತ ಹೇಳಿ ಕಳಿಸಿದ್ರ, ನಿದ್ದಿ ಸಾಲಂಗಿಲ್ಲ ಅಂದ್ಲಂತ."

ಯಾರೂ ಅಲ್ಲ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಆ ಗಿಣಿಗೇರಾದ ಹುಡುಗ ನನ್ನ ತಮ್ಮ ಬಸವರಾಜ. ಅಕ್ಕಾರು ಆ ಮಾತು ಆಡಿರಲಿಲ್ಲ ಎಂಬುದು ಈಗ ಬದುಕಿರುವವರಲ್ಲಿ ನನಗೊಬ್ಬನಿಗೆ ಗೊತ್ತು. ಅವರ ಹೆಸರಿಗೆ ಹತ್ತಿದ ಮಸಿಯನ್ನು ಒರೆಸಿಕೊಳ್ಳಲು ಅವರಂತೂ ಇಲ್ಲ. ಆದ್ದರಿಂದ ಬರೆಯಲು ಕೂತಿದ್ದೇನೆ.

ಹೆಸರಿಗೆ ಅಂದೆ. ಆದರೆ ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕರೆದವರೂ ಕಡಿಮೆ. ಕೊಪ್ಪಳದಿಂದ ಸಿದ್ದಾಪುರದವರೆಗೆ ಎಲ್ಲರಿಗೂ ಅವರು ಲೇಜರ್ ಅಕ್ಕಾರು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕಾರು ಅನ್ನುತ್ತಾರೆ. ಇವರು ಸಾಲಿ ಕಲಿಸಿದವರಲ್ಲ. ಡಾಕ್ಟರ್ ಅಂದರೆ ಮಾತ್ರ ಸಿಟ್ಟಾಗುತ್ತಿದ್ದರು. "ಡಾಕ್ಟರ್ ಅಲ್ರಿ ನಾ. ಮೈಕೈ ನೋವಿಗೆ ಬೆಳಕ ಹಿಡಿಯಾಕಿ" ಅನ್ನುವರು. ಫಿಸಿಯೋಥೆರಪಿ ಓದಿ, ಹುಬ್ಬಳ್ಳಿಯ ಒಂದು ಖಾಸಗಿ ದವಾಖಾನೆಯಲ್ಲಿ ಬಹಳ ವರ್ಷ ದುಡಿದು, ಒಂದು ದಿನ ಅಲ್ಲಿಯ ಕೆಲಸ ಬಿಟ್ಟು ಕೊಪ್ಪಳಕ್ಕೆ ಬಂದರು. ಯಾಕೆ ಬಿಟ್ಟಿರಿ ಎಂದು ಕೇಳಿದರೆ, "ಅಲ್ಲಿ ಮಂದಿ ನೋವು ಹೇಳಾಕ ಲಿಫ್ಟಿನ್ಯಾಗ ಬರತಿದ್ರು. ಇಲ್ಲೆ ನಡಕೊಂಡ ಬರತಾರ. ನಡಿಯೂದ ನೋಡಿದ್ರ ಅರ್ಧಾ ತಿಳೀತೈತಿ" ಅಂದಿದ್ದರು.

ಕುಳ್ಳನೆಯ, ಗಟ್ಟಿ ಹೆಂಗಸು. ಐವತ್ತು ದಾಟಿತ್ತು. ಮೇಲೆ ಇಳಕಲ್ ಸೀರೆ, ಕಾಲಿಗೆ ಸಾಲಿ ಹುಡುಗರು ಹಾಕುವ ಬಿಳಿ ಕ್ಯಾನ್ವಾಸ್ ಬೂಟು. ಸೋಮವಾರ ಕುಕನೂರು, ಮಂಗಳವಾರ ಯಲಬುರ್ಗಾ, ಬುಧವಾರ ಕುಷ್ಟಗಿ, ಗುರುವಾರ ಮುಂಜಾನೆ ಗಂಗಾವತಿ, ಮಧ್ಯಾಹ್ನ ಸಿದ್ದಾಪುರ, ಶನಿವಾರ ಗಿಣಿಗೇರಾ. ಒಂದೊಂದು ಊರಲ್ಲಿ ಒಂದೊಂದು ಖೋಲಿ. ಎಲ್ಲೋ ಕಿರಾಣಿ ಅಂಗಡಿಯ ಹಿಂದೆ, ಎಲ್ಲೋ ಹಿಟ್ಟಿನ ಗಿರಣಿಯ ಪಕ್ಕ. ನನ್ನ ಪಾಳಿಯೂ ಇವೇ ದಾರಿಗಳ ಮೇಲೆ ತಿರುಗುವಂಥದು. ವಾರದಲ್ಲಿ ಮೂರು ದಿನವಾದರೂ ಮುಂದಿನ ಸೀಟಿನಲ್ಲಿ ಅಕ್ಕಾರು ಇರುವರು. ತೊಡೆಯ ಮೇಲೆ ಮಷಿನ್ನಿನ ಚೀಲ. ಕೂಸನ್ನು ಕೂಡಿಸಿಕೊಂಡಂತೆ ಅದರ ಸುತ್ತ ಕೈ.

ಮೊದಲ ಸಲ ನಾನು ತಮಾಷೆಗೆ, ಈ ಮಷಿನ್ನಿಗೂ ಟಿಕೆಟ್ ತೆಗೆಸಬೇಕಾಗುತ್ತದೆ ಅಂದೆ. ಅಕ್ಕಾರು ಚೀಲದ ಕಡೆ ನೋಡಿ, "ಇದಕ್ಕಿನ್ನ ಐದು ವರ್ಷ ತುಂಬಿಲ್ರಿ" ಅಂದರು. ಇಡೀ ಬಸ್ಸು ನಕ್ಕಿತು. ಅವರು ಮಾತ್ರ ನಗಲಿಲ್ಲ. ನಗಿಸಿ ತಾವು ಸುಮ್ಮನಿರುವುದು ಅವರ ರೀತಿ.

ಆ ಮಷಿನ್ ನೋಡಿದವರಿಗೆ ಮೊದಲಿಗೆ ನಿರಾಸೆಯೇ ಆಗುತ್ತಿತ್ತು. ಊಟದ ಡಬ್ಬಿಯಷ್ಟು ದೊಡ್ಡದು. ಅದಕ್ಕೊಂದು ವಾಯರು, ವಾಯರಿನ ತುದಿಗೆ ಪೆನ್ನಿನಂಥ ಕೋಲು. ಅಕ್ಕಾರು ನೋವಿನ ಜಾಗವನ್ನು ಬೆರಳಿನಿಂದ ಒತ್ತಿ ಒತ್ತಿ ಹುಡುಕಿ, ಸ್ಕೆಚ್ ಪೆನ್ನಿನಲ್ಲಿ ಚುಕ್ಕಿ ಇಡುವರು. ಹೆಗಲಿಗೆ ಆರು, ಸೊಂಟಕ್ಕೆ ಎಂಟು. ಪ್ರತಿ ಚುಕ್ಕಿಯ ಮೇಲೂ ಕೋಲಿನ ತುದಿ ಊರಿ ಒಂದೆರಡು ನಿಮಿಷ ಹಿಡಿಯುವರು. ಚರ್ಮದ ಮೇಲೆ ಕುಂಕುಮದಷ್ಟು ಕೆಂಪು ಕಾಣುತ್ತಿತ್ತು, ಅಷ್ಟೇ. ಕೆಲಸ ಮಾಡುವ ಬೆಳಕು ಬೇರೆ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ, ಈ ಕೆಂಪು ದಾರಿ ತೋರಿಸುವುದಕ್ಕೆ ಎಂದು ಹೇಳುತ್ತಿದ್ದರು. ಸುಡುವುದಿಲ್ಲ, ಚುಚ್ಚುವುದಿಲ್ಲ, ವಾಸನೆ ಇಲ್ಲ. ನಮ್ಮ ಮಂದಿಗೆ ಅದೇ ತೊಡಕು. ಕುಕನೂರಿನ ಮುದುಕಿಯೊಬ್ಬಳ ಸೊಂಟದ ತುಂಬ ಕಾಸಿದ ಸೂಜಿಯ ಚಟಿಗಿ ಹಾಕಿಸಿಕೊಂಡ ಕಲೆಗಳಿದ್ದವು. ಸುಡದ ಔಷಧ ಔಷಧವೇ ಅಲ್ಲ ಎಂಬುದು ಅವಳ ವಾದ. ಸ್ವಲ್ಪ ಬಿಸಿ ಮಾಡಿ ಹಿಡಿಯಿರಿ ಎಂದು ಗಂಟುಬಿದ್ದಳು. ಬೇರೆಯವರಾಗಿದ್ದರೆ ಒಂದು ಬಿಸಿನೀರಿನ ಚೀಲ ಇಟ್ಟು, ಇದು ಬೆಳಕಿನ ಬಿಸಿ ಅನ್ನುತ್ತಿದ್ದರೇನೋ. ಅಕ್ಕಾರು ಅನ್ನಲಿಲ್ಲ. ಬಿಸಿ ಬೇಕಾದರೆ ಮನೆಯಲ್ಲಿ ಇಟ್ಟಂಗಿ ಕಾಸಿಕೊಳ್ಳಬೇಕು, ಇದು ಬಿಸಿಯಾಗುವುದಿಲ್ಲ, ಆದರೆ ಆರು ಸಲ ಬಂದು ನೋಡಬೇಕು ಅಂದರು. ಆರನೆಯ ಸಲಕ್ಕೆ ಮುದುಕಿ ನೆಲದ ಮೇಲಿಂದ ತಾನೇ ಎದ್ದಳು. ಎದ್ದು, "ಬಿಸಿ ಮಾಡಿದ್ರ ಇನ್ನೂ ಬೇಗ ಆಗತಿತ್ತು" ಅಂದಳಂತೆ.

ಸಿದ್ದಾಪುರದಲ್ಲಿ ಭತ್ತದ ನಾಟಿ ಮಾಡುವ ಹೆಣ್ಣುಮಕ್ಕಳು ದಂಡು ಕಟ್ಟಿಕೊಂಡು ಬರುವರು, ಅರ್ಧ ತೆಲುಗು ಅರ್ಧ ಕನ್ನಡ. ದಿನವಿಡೀ ಬಾಗಿ ಬಾಗಿ ನಡು ಬಿಲ್ಲಾಗಿರುತ್ತಿತ್ತು. ಬಾಯಿಯಿಂದ ಹೇಳಿದ ನೋವನ್ನು ಅಕ್ಕಾರು ನಂಬುತ್ತಿರಲಿಲ್ಲ. ಎಲ್ಲಿ ಎಂದು ಒಂದೇ ಬೆರಳಿನಿಂದ ತೋರಿಸಬೇಕು. ಅಂಗೈ ಅಗಲಿಸಿ ಇಲ್ಲೆಲ್ಲಾ ಅಂದರೆ, ಅದು ದಣಿವು, ಎರಡು ದಿನ ಮಲಗು ಅನ್ನುವರು. ಮಲಗಿದರೆ ಕೂಲಿ ಯಾರು ಕೊಡುತ್ತಾರೆ ಎಂದು ಅವರು ನಗುವರು. ಅಕ್ಕಾರು ಮತ್ತೆ ಕೋಲು ಎತ್ತಿಕೊಳ್ಳುವರು. ಅವರಿಗೆ ಈ ಕೆಲಸದ ಬಗ್ಗೆ ದೊಡ್ಡ ಭ್ರಮೆ ಇರಲಿಲ್ಲ. ಒಮ್ಮೆ ಬಸ್ಸಿನಲ್ಲಿ ನನಗೆ ಹೇಳಿದ್ದು ನೆನಪಿದೆ: "ನೋವು ಅಂದ್ರ ಮನಿ ಕಾಯೋ ನಾಯಿರಿ. ಬೊಗಳೂದ ನಿಂದ್ರಸಾಕ ನನಗ ಬರತೈತಿ. ಯಾಕ ಬೊಗಳಾಕತ್ತೈತಿ ಅಂತ ನೋಡಲಾರದ ನಿಂದ್ರಸಿದ್ನೆಂದ್ರ ನಾ ಕಳ್ಳರ ಕಡೆದಾಕಿ ಆದಂಗ."

ಅದಕ್ಕೇ ಅವರಿಗೆ ಕಟ್ಟುನಿಟ್ಟುಗಳಿದ್ದವು. ಮೈಯಲ್ಲಿ ಎಲ್ಲಾದರೂ ಗಂಟು ಗಡ್ಡೆ ಇದೆಯೇ ಎಂದು ಮೊದಲು ಕೇಳುವರು; ಇದ್ದರೆ, ಅದು ಬೆಳೆದೀತೆಂದು, ಬೆಳಕು ಹಿಡಿಯುವುದಿಲ್ಲ. ಆರು ಸಲಕ್ಕೆ ಫರಕು ಬರದಿದ್ದರೆ ಏಳನೆಯ ಸಲ ಖೋಲಿಯೊಳಗೆ ಬಿಟ್ಟುಕೊಳ್ಳುವುದಿಲ್ಲ, ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಡುವರು. ಮೂರನೆಯದು ಕನ್ನಡಕ. ಆ ಬೆಳಕು ತಪ್ಪಿ ಕಣ್ಣಿಗೆ ಬಿದ್ದರೆ ಕೆಡುಕು. ಖೋಲಿಗಳೋ ಕಿರಿದು, ಮರೆಗೆ ಪರದೆಯೂ ಇರುತ್ತಿರಲಿಲ್ಲ. ಹಾಗಾಗಿ ಹೊಸ್ತಿಲು ದಾಟುವ ಮೊದಲೇ ಎಲ್ಲರೂ ದಪ್ಪ ಕಪ್ಪು ಕನ್ನಡಕ ಹಾಕಿಕೊಳ್ಳಬೇಕು, ಹೊರಗೆ ಬಂದ ಮೇಲೆಯೇ ತೆಗೆಯಬೇಕು. ಬಾಗಿಲಲ್ಲಿ ಮೊಳೆಗೆ ನಾಲ್ಕೈದು ಕನ್ನಡಕ ತೂಗುಬಿಟ್ಟಿರುವರು. ಕಾರ್ಖಾನೆಯ ಹುಡುಗರಿಗೆ ಅದೊಂದು ಚೈನಿ. ಹಾಕಿಕೊಂಡು ಹೊರಗೇ ನಿಂತು ಫೋಟೋ ಹೊಡೆದುಕೊಳ್ಳುವರು. ಒಬ್ಬ ಅಜ್ಜ, ನನಗೆ ಹೆಗಲಿಗೆ ಬೇಡ, ಕನ್ನಡಕ ಅಷ್ಟೇ ಸಾಕು, ಬಿಸಿಲಿಗೆ ತಂಪಾಗಿದೆ ಅಂದಿದ್ದನಂತೆ.

ಇಷ್ಟೆಲ್ಲ ಕಟ್ಟುನಿಟ್ಟಿನ ಅಕ್ಕಾರಿಗೆ ಬಗ್ಗದ ಒಂದು ನಡಾವಳಿ ನಮ್ಮ ಮಂದಿಯಲ್ಲಿ ಇದೆ. ಔಷಧ ಕೊಟ್ಟವರು, ಎಲುಬು ಕೂಡಿಸಿದವರು, ಮಂತ್ರಿಸಿದವರು ಹೇಗಿದೆ ಎಂದು ಕೇಳಿದರೆ, ಕಡಿಮೆಯಾಗಿಲ್ಲ ಎಂದು ಅವರ ಮುಖದ ಮೇಲೆ ಹೇಳಬಾರದು. ಹೇಳಿದರೆ ಅವರ ಕೈಗುಣ ಇಳಿಯುತ್ತದೆ, ಮುಂದೆ ಬರುವವರಿಗೂ ಆ ಕೈ ಹತ್ತುವುದಿಲ್ಲ. ಆದ್ದರಿಂದ, ಛಲೋ ಐತ್ರಿ, ನಿಮ್ಮ ಕೈಗುಣ ದೊಡ್ಡದು. ನನ್ನ ಅಜ್ಜಿ ಇಂಥವರನ್ನು ನೋಡಿ, "ದಾಕ್ಷಿಣ್ಯಕ್ಕ ಬಸರಾದ್ರ ಹಡಿಯಾಕ ಜಾಗಾ ಇರಂಗಿಲ್ಲ" ಅನ್ನುತ್ತಿದ್ದಳು; ಅಂದು, ನಾಟಿ ವೈದ್ಯ ಕೇಳಿದರೆ ತಾನೂ ಛಲೋ ಐತಿ ಅಂತಲೇ ಹೇಳುತ್ತಿದ್ದಳು. ಅಕ್ಕಾರಿಗೆ ಇದು ಗೊತ್ತಿತ್ತು. ಅದಕ್ಕೆ ಬಾಯಿಯ ಮಾತು ಬಿಟ್ಟು ಒಂದು ಯುಕ್ತಿ ಮಾಡುವರು. ಮೇಲಿನ ಹಲಗೆಯ ಮೇಲೆ ನೀರು ತುಂಬಿದ ತಂಬಿಗೆ ಇಟ್ಟು, ಬಾಯಾರಿದೆ, ಸ್ವಲ್ಪ ಇಳಿಸಿಕೊಡಿ ಅನ್ನುವರು. ಕೈ ಎತ್ತುವಾಗ ಮುಖ ಹೇಗಾಗುತ್ತದೆ ಎಂದು ನೋಡುವರು.

ಬಸವರಾಜ ಗಿಣಿಗೇರಾದ ಹತ್ತಿರದ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಅದಿರು ತುಂಬುವ ಕೆಲಸದಲ್ಲಿದ್ದ. ಮೂವತ್ತಾರು ವಯಸ್ಸು, ಹೆಂಡತಿ ಶಾಂತವ್ವ, ಎರಡು ಹೆಣ್ಣುಮಕ್ಕಳು. ನಾವು ಅಣ್ಣತಮ್ಮಂದಿರು ಒಂದೇ ಮನೆ, ಒಂದೇ ಒಲೆ. ದೀಪಾವಳಿಯ ಹೊತ್ತಿಗೆ ಅವನ ಎಡ ಹೆಗಲು ನೋಯಲು ಶುರುವಾಯಿತು. ಸಲಿಕೆ ಹಿಡಿಯುವವನಿಗೆ ಹೆಗಲು ನೋಯದೆ ಇನ್ನೇನು ನೋಯಬೇಕು ಎಂದು ನಾವೆಲ್ಲ ತಿಳಿದೆವು. ಅಕ್ಕಾರ ಹತ್ತಿರ ಕರೆದುಕೊಂಡು ಹೋದವನು ನಾನೇ. ಅಕ್ಕಾರು ಒತ್ತಿ ನೋಡಿದರು, ಗಂಟು ಗಡ್ಡೆ ಕೇಳಿದರು, ಇಲ್ಲ ಅಂದ. ಚುಕ್ಕಿ ಇಟ್ಟರು.

ಆರು ಶನಿವಾರ ಮುಗಿದಾಗ ಹೇಗಿದೆ ಎಂದು ಕೇಳಿದ್ದಕ್ಕೆ, ಛಲೋ ಆಗೈತ್ರಿ ಅಂದ. ತಂಬಿಗೆ ಇಳಿಸಲು ಹೇಳಿದರು. ಇಳಿಸಿಕೊಟ್ಟ. ಹಲ್ಲು ಕಚ್ಚಿ ಇಳಿಸಿದ್ದ ಎಂದು ಆಮೇಲೆ ನನ್ನ ಮುಂದೆ ಒಪ್ಪಿಕೊಂಡ. ಮುಖದಲ್ಲಿ ನೋವು ಮೊದಲು ಕಾಣುವುದು ಕಣ್ಣಿನಲ್ಲಿ. ಆ ಕಣ್ಣಿನ ಮೇಲೆ ಅಕ್ಕಾರೇ ಹಾಕಿಸಿದ ಕಪ್ಪು ಗಾಜು. ಫರಕು ಬಂದಿದೆ ಎಂದ ಮೇಲೆ ಮತ್ತೆ ಆರು ಸಲ, ಅದಾದ ಮೇಲೆ ಇನ್ನೂ ಆರು. ಯಾಕೋ ಹಾಗೆ ಹೇಳಿದೆ ಎಂದು ಕೇಳಿದರೆ, "ಅಷ್ಟು ಆಸ್ತೆಯಿಂದ ಹಿಡೀತಾರ ಅಣ್ಣ, ಇಲ್ಲ ಅನ್ನಾಕ ಬಾಯಿ ಬರಲಿಲ್ಲ" ಅಂದ. ವಾರದಲ್ಲಿ ಇಪ್ಪತ್ತು ನಿಮಿಷ ಒಬ್ಬರು ಎಲ್ಲಿ ನೋಯುತ್ತದೆ ಎಂದು ಕೇಳಿ, ಆ ಜಾಗದ ಮೇಲೆ ಕೈ ಇಡುತ್ತಾರಲ್ಲ, ಅಷ್ಟೇ ಅವನಿಗೆ ದೊಡ್ಡದಾಗಿತ್ತೋ ಏನೋ. ಅವನ ಕಾರ್ಖಾನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಿ ನಾವೂ ಕೇಳುತ್ತಿರಲಿಲ್ಲ.

ಈಗ ನನ್ನ ಪಾಲಿಗೆ ಬರುತ್ತೇನೆ.

ಶಿವರಾತ್ರಿ ಆಗಿ ನಾಲ್ಕು ದಿನ ಆಗಿತ್ತು. ನಾನು ಮುಂಜಾನೆ ಪಾಳಿಗೆ ಹೊರಟಾಗ ಶಾಂತವ್ವ ಬುತ್ತಿ ಕೊಡುತ್ತ, ಇವರ ಎಡಗಣ್ಣಿನ ರೆಪ್ಪೆ ಜೋತು ಬಿದ್ದಂತೆ ಕಾಣುತ್ತದೆ, ಅರ್ಧ ಮುಚ್ಚಿರುತ್ತದೆ, ಕೇಳಿದರೆ ಅಕ್ಕಾರ ಮುಂದೆ ಇವರು ಬಾಯಿ ಬಿಡುವುದಿಲ್ಲ, ನೀವು ಬಸ್ಸಿನಲ್ಲಿ ಸಿಗುತ್ತೀರಲ್ಲ, ಒಂದು ಮಾತು ಕೇಳಿಕೊಂಡು ಬನ್ನಿ ಅಂದಳು. ಆಯಿತು ಅಂದೆ. ಆ ದಿನ ಅಕ್ಕಾರು ಬಸ್ಸಿನಲ್ಲಿದ್ದರು. ಸಂತೆಯ ದಿನ, ಬಸ್ಸಿನಲ್ಲಿ ಕಾಲಿಡಲೂ ಜಾಗ ಇರಲಿಲ್ಲ, ಗದ್ದಲದಲ್ಲಿ ಮರೆತೆ. ಎರಡನೆಯ ದಿನ ನೆನಪಾಯಿತು, ಆದರೆ ಅವರು ಯಾರದೋ ಮೊಣಕೈ ಒತ್ತಿ ನೋಡುತ್ತಿದ್ದರು. ಮೂರನೆಯ ದಿನ ಅವರು ಸುಮ್ಮನೆ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು. ನಾನು ಎರಡು ಮಾರು ದೂರ ನಿಂತಿದ್ದೆ. ಕೇಳಲಿಲ್ಲ. ಹೆಗಲಿಗೆ ಔಷಧ ಮಾಡುವವರನ್ನು ಕಣ್ಣಿನ ವಿಷಯ ಕೇಳಿದರೆ, ನಿಮ್ಮ ಬೆಳಕಿನಿಂದಲೇ ಹೀಗಾಯಿತೇ ಎಂದು ಕೇಳಿದಂತೆ ಆಗುತ್ತದೆ ಅನಿಸಿತು. ಕೈಗುಣದವರ ಕೈಯ ಮೇಲೆ ಸಂಶಯ ಪಟ್ಟಂತೆ. ನನಗೂ ದಾಕ್ಷಿಣ್ಯ.

ಆ ಸಂಜೆ ಊಟಕ್ಕೆ ಕುಳಿತಾಗ ಶಾಂತವ್ವ, ಕೇಳಿದಿರಾ ಅಂದಳು. ಕೈ ರೊಟ್ಟಿಯ ಮೇಲಿತ್ತು. ಮೂರು ದಿನದಿಂದ ಕೇಳಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಕೇಳಿದೆ, ರಾತ್ರಿಪಾಳಿ ಮಾಡುತ್ತಾನಲ್ಲ, ನಿದ್ದೆ ಸಾಲುವುದಿಲ್ಲ ಅಂದರು ಎಂದೆ. ಅವಳ ಮುಖ ಹಗುರಾಯಿತು. ನನಗೆ ಇನ್ನೊಂದು ರೊಟ್ಟಿ ಹಾಕಿದಳು. ಅದನ್ನು ತಿಂದೆ.

ಯುಗಾದಿ ಕಳೆದು ಬಿಸಿಲು ಕಬ್ಬಿಣ ಕಾಯಿಸುವಂತೆ ಕಾಯುತ್ತಿತ್ತು. ಗಂಗಾವತಿಯಿಂದ ಕೊಪ್ಪಳಕ್ಕೆ ಬರುವ ಬಸ್ಸು. ಅಕ್ಕಾರು ಮುಂದಿನ ಸೀಟಿನಲ್ಲಿ. ಗಿಣಿಗೇರಾದಲ್ಲಿ ಬಸವರಾಜ ಹತ್ತಿದ, ಕೊಪ್ಪಳದಲ್ಲಿ ಏನೋ ಕೆಲಸವಿತ್ತು. ಅಕ್ಕಾರಿಗೆ ಕೈ ಮುಗಿದ. ಬಸ್ಸಿನ ಮಂದಿಯೆಲ್ಲ ಬೆವರಿನಲ್ಲಿ ಮಿಂದಿದ್ದರು. ಐದು ತಿಂಗಳು ಅವನ ಹೆಗಲು ಹಿಡಿದ ಅಕ್ಕಾರು ಅವನ ಬರಿಗಣ್ಣು ನೋಡಿದ್ದು ಅದೇ ಮೊದಲ ಸಲ ಇರಬೇಕು. ಅವನನ್ನೇ ನೋಡಿದರು. ಎದ್ದು ನಿಂತರು. ಅಷ್ಟು ವರ್ಷಗಳಲ್ಲಿ ಓಡುವ ಬಸ್ಸಿನಲ್ಲಿ ಅವರು ಮಷಿನ್ನನ್ನು ಸೀಟಿನ ಮೇಲೆ ಬಿಟ್ಟು ಎದ್ದದ್ದನ್ನು ನಾನು ಕಂಡದ್ದು ಅಂದೇ.

"ಬಸವರಾಜ, ಈ ಗಲ್ಲಕ್ಕ ಬೆವರು ಯಾಕಿಲ್ಲೋ?"

ಆಗ ನಾನೂ ನೋಡಿದೆ. ಬಲಗಲ್ಲದಿಂದ ಬೆವರು ಇಳಿದು ಅಂಗಿಯ ಕೊರಳಪಟ್ಟಿ ತೊಯ್ದಿತ್ತು. ಎಡಗಲ್ಲ ಒಣಗಿದ ನೆಲದಂತೆ ಇತ್ತು. ಹಣೆಯ ನಡುವೆ ಗೆರೆ ಎಳೆದಂತೆ ಅರ್ಧ ಒದ್ದೆ, ಅರ್ಧ ಒಣ.

ಬಸವರಾಜ ಗಲ್ಲ ಮುಟ್ಟಿಕೊಂಡು ನಕ್ಕ. "ಅರ್ಧಾ ಮಾರಿಗೆ ಏಸಿ ಹಚ್ಚಿಸೀನ್ರಿ ಅಕ್ಕಾರ."

ಸುತ್ತಲಿನವರು ನಕ್ಕರು. ಅಕ್ಕಾರು ಅವನ ಎಡಗಣ್ಣಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎತ್ತಿ ಕಣ್ಣಿನ ಕರಿಗುಡ್ಡೆ ನೋಡಿದರು, ಇನ್ನೊಂದನ್ನು ನೋಡಿದರು. ಎಡಗೈಯ ಕಿರುಬೆರಳು ಚಿವುಟಿ, ತಿಳಿಯುತ್ತದೆಯೇ ಎಂದು ಕೇಳಿದರು. ಜೋಮು ಹಿಡಿದಂತಿದೆ, ಒಂದೆರಡು ತಿಂಗಳಾಯಿತು ಅಂದ. ನಿಜ ಹೇಳು, ಹೆಗಲು ಒಂದು ದಿನವಾದರೂ ಕಡಿಮೆಯಾಗಿತ್ತೇ ಎಂದರು. ಅವನು ನೆಲ ನೋಡಿದ. ಅಕ್ಕಾರು ಅಲ್ಲೇ ಅವನ ಪಕ್ಕ ಕುಳಿತುಬಿಟ್ಟರು. ಕೊಪ್ಪಳ ಬರುವವರೆಗೆ ಅವನ ಕೈ ಬಿಡಲಿಲ್ಲ. ಇಳಿದ ಕೂಡಲೆ ಎದೆಯ ಎಕ್ಸ್‌ರೇ ತೆಗೆಸಲು ಕರೆದುಕೊಂಡು ಹೋದರು. ಹೆಗಲು ನೋವಿಗೆ ಎದೆ ಯಾಕೆ ಎಂದು ನಾನು ಕೇಳಿದೆ. ಅವರು ಆಗಲೇ ಆಟೋ ಕೂಗುತ್ತಿದ್ದರು.

ಎಡ ಪುಪ್ಪುಸದ ತುತ್ತತುದಿಯಲ್ಲಿ ಗಡ್ಡೆ. ಅದು ಮೇಲಕ್ಕೆ ಬೆಳೆದು ಹೆಗಲಿಗೆ, ಕೈಗೆ, ಕಣ್ಣಿಗೆ ಹೋಗುವ ನರಗಳನ್ನು ತಿನ್ನುತ್ತಿತ್ತು. ಹೆಗಲಲ್ಲಿ ಏನೂ ಇರಲೇ ಇಲ್ಲ. ಹುಬ್ಬಳ್ಳಿಯ ಡಾಕ್ಟರ ಮುಂದೆ ಅಕ್ಕಾರು ಒಂದೇ ಪ್ರಶ್ನೆ ಕೇಳಿದರು: ನಾನು ಹಿಡಿದ ಬೆಳಕಿನಿಂದ ಅದು ಬೆಳೆದಿರಬಹುದೇ. ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಅಕ್ಕಾರು ಹೊರಗೆ ಹೋದ ಮೇಲೆ ನಾನೂ ಒಂದು ಪ್ರಶ್ನೆ ಕೇಳಿದೆ: ಒಂದು ತಿಂಗಳು ಮೊದಲು ಬಂದಿದ್ದರೆ. ಅದಕ್ಕೂ ಅದೇ ಉತ್ತರ. ಆದರೆ ನನಗೆ ಅವರು ಇನ್ನೊಂದು ಮಾತು ಸೇರಿಸಿದರು: ಬಂದಿದ್ದರೆ ಛಲೋ ಇತ್ತು.

ಮುಂದಿನ ತಿಂಗಳುಗಳನ್ನು ಬಹಳ ಬರೆಯುವುದಿಲ್ಲ. ಇಂಜೆಕ್ಷನ್ನು, ಕರೆಂಟಿನ ಚಿಕಿತ್ಸೆ, ಉದುರಿದ ಕೂದಲು, ಮನೆಯ ತುಂಬ ಔ‍ಷಧದ ವಾಸನೆ. ಅಕ್ಕಾರು ಗಿಣಿಗೇರಾದ ಖೋಲಿ ಮುಚ್ಚಿದರು. ಆದರೆ ಶನಿವಾರ ತಪ್ಪದೆ ನಮ್ಮ ಮನೆಗೆ ಬಂದು ಅವನ ಕಾಲ ಹತ್ತಿರ ಕುಳಿತಿರುವರು. ಮಷಿನ್ನಿನ ಚೀಲ ಜೊತೆಗೇ ಇರುತ್ತಿತ್ತು, ಯಾಕೆಂದರೆ ಅದನ್ನು ಎಲ್ಲೂ ಬಿಟ್ಟು ಬರುವ ರೂಢಿ ಅವರಿಗೆ ಇರಲಿಲ್ಲ. ಶ್ರಾವಣದಲ್ಲಿ ನೋವು ಮಾತ್ರೆಗಳನ್ನು ಮೀರಿತು. ಒಂದು ಮಧ್ಯಾಹ್ನ ಬಸವರಾಜ ಆ ಚೀಲದ ಕಡೆ ಕೈ ತೋರಿಸಿ, ಅದನ್ನು ಒಮ್ಮೆ ಹಿಡಿಯಿರಿ ಅಂದ. ಅಕ್ಕಾರು ಆಗುವುದಿಲ್ಲ ಅಂದರು. ಶಾಂತವ್ವ ಕೇಳಿದಳು. ನಾನೂ ಕೇಳಿದೆ; ಇನ್ನು ಯಾವ ಕೆಡುಕು ಆಗಬೇಕಾಗಿದೆ ಎಂದು ಬಾಯಿ ಬಿಟ್ಟೇ ಕೇಳಿದೆ. ಅವರು ತಲೆ ಅಲ್ಲಾಡಿಸಿದರು.

"ಚಾಲೂ ಮಾಡಬ್ಯಾಡ್ರಿ ಅಕ್ಕಾರ" ಅಂದ ಬಸವರಾಜ. "ಸುಮ್ನ ಹಿಡೀರಿ. ನಾ ಚಾಲೂ ಐತಿ ಅಂತ ತಿಳ್ಕೊಂತೀನಿ."

"ನಿನಗ ಸುಳ್ಳ ಬೆಳಕ ಹಿಡಿಯಂಗಿಲ್ಲೋ ತಮ್ಮಾ" ಅಂದರು ಅಕ್ಕಾರು. "ಕೈ ಹಿಡೀತೀನಿ. ಅದು ಖರೇನ ಕೈ."

ಸಂಜೆಯ ತನಕ ಹಿಡಿದುಕೊಂಡು ಕುಳಿತರು. ಅವನು ನರಳಿದ. ನೋವು ಕಡಿಮೆಯಾಗಲಿಲ್ಲ, ಅದನ್ನು ಸುಳ್ಳು ಹೇಳಲಾರೆ. ದಸರೆಗೆ ಮೊದಲು ಹೋದ.

ಕಾರ್ಯ ಎಲ್ಲ ಮುಗಿದ ಮೇಲೆ ಒಂದು ದಿನ ಅಕ್ಕಾರು ಬಂದರು. ಒಳಗೆ ಕುಳಿತುಕೊಳ್ಳಲಿಲ್ಲ. ನಡುಮನೆಯಲ್ಲಿ ನಿಂತೇ ಶಾಂತವ್ವನಿಗೆ ಹೇಳಿದರು: ಐದು ತಿಂಗಳು ತಪ್ಪು ಜಾಗಕ್ಕೆ ಬೆಳಕು ಹಿಡಿದೆ. ಅವನು ಛಲೋ ಆಗಿದೆ ಅಂದ, ನಾನು ನಂಬಿದೆ. ಕಲಿತವಳು ನಾನು, ಒಂದು ಸಲ ಅವನನ್ನು ಬೆಳಕಿಗೆ ಕರೆದುಕೊಂಡು ಬಂದು ಕಣ್ಣು ನೋಡಬೇಕಾಗಿತ್ತು, ನೋಡಲಿಲ್ಲ. ಅಷ್ಟು ಹೇಳಲೆಂದೇ ಬಂದಿದ್ದರು. ಹೇಳಿದರು. ಬೇರೆ ಯಾರಾದರೂ ಹಾಗೆ ತಾವಾಗಿ ಬಂದು ಹೇಳುತ್ತಿದ್ದರೇ, ನನಗೆ ಅನುಮಾನ.

ಶಾಂತವ್ವ ಗೋಡೆಗೆ ಒರಗಿ ಕುಳಿತಿದ್ದಳು. ನಿಧಾನಕ್ಕೆ ತಲೆ ಎತ್ತಿದಳು.

"ನಾ ಹೇಳಿ ಕಳಿಸಿದ್ನಲ್ರಿ ಅಕ್ಕಾರ. ಕಣ್ಣ ಅರ್ಧಾ ಮುಚ್ಚೈತಿ, ಏನಂತ ಕೇಳ್ಕೊಂಡ ಬರ್ರಿ ಅಂತ ಭಾವಾರ ಕೈಲೆ ಹೇಳಿ ಕಳಿಸಿದ್ದೆ. ನಿದ್ದಿ ಸಾಲಂಗಿಲ್ಲ ಅಂದ್ರಂತ ನೀವು."

ಅಕ್ಕಾರು ನನ್ನ ಕಡೆ ತಿರುಗಿದರು. ಅವರಿಗೆ ಕೊಡಲೆಂದು ನೀರಿನ ಲೋಟ ಹಿಡಿದುಕೊಂಡು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಒಂದು ಮಾತು ಸಾಕಾಗಿತ್ತು. ಲೋಟದ ನೀರನ್ನೇ ನೋಡುತ್ತ ನಿಂತೆ. ಅವರು ನನ್ನನ್ನು ಎಷ್ಟು ಹೊತ್ತು ನೋಡಿದರೋ ನಾನು ಹೇಳಲಾರೆ. ಬಹಳ ಹೊತ್ತೇನೂ ಅಲ್ಲ.

"ಹೌದವ್ವಾ" ಅಂದರು. "ಅಂದಿದ್ದೆ."

ಶಾಂತವ್ವ ಕೂಗಲಿಲ್ಲ, ಶಪಿಸಲಿಲ್ಲ. ಇನ್ನು ಈ ಹೊಸ್ತಿಲು ತುಳಿಯಬೇಡಿ ಎಂದು ಮೆಲ್ಲಗೆ ಹೇಳಿದಳು, ಅಷ್ಟೇ. ಅಕ್ಕಾರು ಬಿಳಿ ಬೂಟು ಮೆಟ್ಟಿಕೊಂಡು ಹೊರಟರು. ಬಸ್ಸಿನ ತನಕ ಕಳಿಸಿ ಬರುವುದು ನಮ್ಮ ಪದ್ಧತಿ. ನಾನು ಹೊರಬಾಗಿಲ ತನಕವೂ ಹೋಗಲಿಲ್ಲ.

ಆ ಮಾತು ನಮ್ಮ ಮನೆಯಿಂದ ಓಣಿಗೆ, ಓಣಿಯಿಂದ ಕಾರ್ಖಾನೆಗೆ, ಅಲ್ಲಿಂದ ನನ್ನದೇ ಬಸ್ಸು ಹತ್ತಿ ಕುಕನೂರು, ಯಲಬುರ್ಗಾ, ಕುಷ್ಟಗಿಗೆ ಹೋಯಿತು. ಖೋಲಿಗಳ ಮುಂದಿನ ಸಾಲು ಕರಗಿತು. ನಾನು ಅರ್ಜಿ ಕೊಟ್ಟು ಪಾಳಿಯನ್ನು ಬೇರೆ ದಾರಿಗೆ ಹಾಕಿಸಿಕೊಂಡೆ, ಮುಂದಿನ ಸೀಟು ನೋಡುವುದು ಬೇಡವೆಂದು. ಆದರೆ ಬಸ್ಸಿನಲ್ಲಿ ಸುದ್ದಿ ತಪ್ಪುವುದಿಲ್ಲ. ಅಕ್ಕಾರು ಮಷಿನ್ ಮುಟ್ಟುವುದನ್ನು ಬಿಟ್ಟರಂತೆ. ಬಿಟ್ಟು ಸುಮ್ಮನೆ ಕೂರಲಿಲ್ಲ. ತಮ್ಮ ಮುಂದೆ ಛಲೋ ಆಗಿದೆ ಅಂದಿದ್ದ ಹಳೆಯವರನ್ನೆಲ್ಲ ಹುಡುಕಿಕೊಂಡು ಊರೂರು ಅಲೆದರಂತೆ. ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿ, ಈಗ ನಿಜ ಹೇಳು, ನನ್ನ ಕೈಗುಣ ಎಂದೋ ಹೋಗಿದೆ, ಇನ್ನು ಹೋಗುವುದೇನಿಲ್ಲ ಅನ್ನುತ್ತಿದ್ದರಂತೆ. ಕೆಲವರು ಬಾಗಿಲು ಹಾಕಿಕೊಂಡರು. ಸಿದ್ದಾಪುರದ ಒಬ್ಬ ನಾಟಿ ಹೆಣ್ಣುಮಗಳು ಮಾತ್ರ, ನಡು ಒಂದು ದಿನವೂ ಕಡಿಮೆಯಾಗಿರಲಿಲ್ಲ ಎಂದು ಅತ್ತಳಂತೆ. ಅವಳನ್ನು ತಾವೇ ದವಾಖಾನೆಗೆ ಸೇರಿಸಿದರು. ಬೆನ್ನುಮೂಳೆಯ ಕ್ಷಯ. ಗುಣವಾಯಿತು. ಇದನ್ನು ನನಗೆ ಹೇಳಿದವನು ಕೊನೆಗೆ, ಆದರೂ ಗಿಣಿಗೇರಾದವನನ್ನು ಕೊಂದಳಲ್ಲ ಎಂದು ಸೇರಿಸಿ ತನ್ನ ಊರಲ್ಲಿ ಇಳಿದುಹೋದ.

ಮೂರು ವರ್ಷ ಹೀಗೆ ಹೋದವು. ಅಕ್ಕಾರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಮೂತ್ರಪಿಂಡಕ್ಕೆ ಇಳಿದು ಕೊಪ್ಪಳದಲ್ಲಿ ಮಲಗಿದ್ದಾರೆ ಎಂದು ಕೇಳಿದೆ. ಅಷ್ಟರಲ್ಲಿ ನನ್ನನ್ನು ಮತ್ತೆ ಹಳೆಯ ದಾರಿಗೇ ಹಾಕಿದ್ದರು. ಅವರು ಹೋಗುವ ನಾಲ್ಕು ದಿನ ಮೊದಲು ಧೈರ್ಯ ಮಾಡಿ ಹೋದೆ. ಕಾಲು ಬಾತಿದ್ದವು, ಮುಖ ಬಾತಿತ್ತು. ನನ್ನನ್ನು ಗುರುತಿಸಿದರು. ಹಾಸಿಗೆಯ ಪಕ್ಕ ನಿಂತು, ಮೂರು ವರ್ಷ ನುಂಗಿಕೊಂಡದ್ದನ್ನು ಹೇಳಿದೆ. ಮೂರು ದಿನ ಕೇಳದೆ ಹೋದದ್ದು, ಕೇಳಿದೆ ಎಂದು ಸುಳ್ಳು ಹೇಳಿದ್ದು, ನಡುಮನೆಯಲ್ಲಿ ಶಾಂತವ್ವನ ಮುಂದೆ ಸುಮ್ಮನಿದ್ದದ್ದು. ಅವರಿಗೆ ಗೊತ್ತಿದ್ದುದನ್ನೇ ಹೇಳಿದೆ. ಕೇಳಿಸಿಕೊಂಡರು. ಕುಳಿತುಕೊಳ್ಳಲು ಸ್ಟೂಲು ತೋರಿಸಿದರು.

"ಅವತ್ತ ಯಾಕ ಹೌದು ಅಂದ್ರಿ ಅಕ್ಕಾರ?"

ಉಸಿರು ಹಿಡಿದು ಹಿಡಿದು ಹೇಳಿದರು: "ಅಕಿ ನಿಮ್ಮ ಮನ್ಯಾಗ ಉಣಬೇಕಾಗಿತ್ತಲ್ರಿ. ಎರಡ ಸಣ್ಣ ಕೂಸು. ನಿಮ್ಮ ಮ್ಯಾಲ ಸಿಟ್ಟಾದ್ರ ಆ ರೊಟ್ಟಿ ಗಂಟಲದಾಗ ಇಳೀತಿತ್ತೇನು? ನನ್ನ ಮ್ಯಾಲ ಸಿಟ್ಟಾದ್ರ ಅಕಿಗೇನೂ ತ್ರಾಸಿಲ್ಲ. ನಾ ಹೊರಗಿನಾಕಿ."

ಆಮೇಲೆ ಅವರೇ, ಶಾಂತವ್ವ ಈಗ ಏನು ಮಾಡುತ್ತಾಳೆ ಎಂದು ಕೇಳಿದರು. ಊರ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದಾಳೆ, ಪಗಾರ ಬರುತ್ತದೆ, ಕಳೆದ ವರ್ಷ ಬೇರೆ ಒಲೆ ಹೂಡಿದಳು, ದೊಡ್ಡ ಹುಡುಗಿ ಹೈಸ್ಕೂಲು ಎಂದೆ.

"ಹಂಗಾದ್ರ ಈಗ ಅಕಿ ನಿಮ್ಮ ರೊಟ್ಟಿ ಉಣ್ಣಂಗಿಲ್ಲ" ಅಂದರು ಅಕ್ಕಾರು. ಅಂದು ಕಣ್ಣು ಮುಚ್ಚಿದರು. ಹೇಳು ಅನ್ನಲಿಲ್ಲ, ಹೇಳಬೇಡ ಅನ್ನಲಿಲ್ಲ. ಅವರು ಎಂದೂ ಹಾಗೆಯೇ. ನೋವು ಎಲ್ಲಿದೆ ಎಂದು ನಾವೇ ಬೆರಳಿಟ್ಟು ತೋರಿಸಲಿ ಎಂದು ಕಾಯುವವರು.

ಐದನೆಯ ದಿನ ಬಸ್ಸಿನಲ್ಲಿ ಸುದ್ದಿ ಬಂತು. ಅವರನ್ನು ಕೊಲೆಗಾತಿ ಅಂದವನ ಮುಂದೆಯೂ ನನ್ನ ಬಾಯಿ ಏಳಲಿಲ್ಲ ಎಂದು ಆಗಲೇ ಹೇಳಿದ್ದೇನೆ. ಇಡೀ ದಿನ ಕೂಗಿ ಊರುಗಳ ಹೆಸರು ಹೇಳುವ ಬಾಯಿ ಇದು. ಈ ಒಂದು ಮಾತಿಗೆ ಬಾರದು. ಅದಕ್ಕೆ ಎರಡು ದಿನ ರಜೆ ಹಾಕಿ, ಮಗಳ ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ಇಷ್ಟು ಬರೆದೆ. ಅಚ್ಚಾಗುವುದು, ಬಿಡುವುದು ಆಮೇಲಿನ ಮಾತು.

ಶಾಂತವ್ವ ಏಳನೆಯ ಇಯತ್ತೆಯ ತನಕ ಓದಿದವಳು. ಅಂಗನವಾಡಿಯಿಂದ ನಾಲ್ಕು ಗಂಟೆಗೆ ಬರುತ್ತಾಳೆ. ಈಗ ಮೂರೂವರೆ. ಅವಳಿಗೆ ಕೊಡಲು ಈ ಹಾಳೆಗಳನ್ನು ಹಿಡಿದು ಅವಳ ಮನೆಯ ಕಟ್ಟೆಯ ಮೇಲೆ ಬಂದು ಕುಳಿತಿದ್ದೇನೆ.